ಗಂಜಿಯ ಹದ

ನಿಮ್ಮ ಮಾತನ್ನು ನಾನು ನುಂಗಿಬಿಟ್ಟೆ, ಸೌಡಮ್ಮನವರೇ. ನಿಮ್ಮ ಮಗಳ ಗಂಟಲಿಗೆ ಕತ್ತಿ ತಾಗಬೇಕೋ ಬೇಡವೋ ಎಂಬುದು ಆ ಒಂದು ಮಾತಿನ ಮೇಲೆ ನಿಂತಿತ್ತು — ಅದನ್ನು ದೊಡ್ಡ ಡಾಕ್ಟರಿಗೆ ನಾನು ದಾಟಿಸಲೇ ಇಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಕೊಯಮತ್ತೂರಿನ ಆ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ನಾನು ಕಿರಿಯ ಡಾಕ್ಟರು. ಆರ್.ಎಸ್. ಪುರಂನಲ್ಲಿ ಮನೆ, ಮೈಸೂರಿನಲ್ಲಿ ಓದು, ತಲೆಯ ತುಂಬ ಜಂಬ. ನೀವು ಸೋಮನೂರಿನ ನೇಕಾರರ ಬೀದಿಯಿಂದ ಹತ್ತು ತಿಂಗಳ ಸುಗುಣಳನ್ನು ಎತ್ತಿಕೊಂಡು ಬಂದಿರಿ. ಹಾಲು ಕುಡಿದರೆ ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿದ್ದಳು. ಆಗಲೇ ಎರಡು ಸಲ ನ್ಯುಮೋನಿಯಾ ಆಗಿತ್ತು. ಧ್ವನಿಪೆಟ್ಟಿಗೆಯ ಹಿಂಬದಿಯಲ್ಲಿ ಹುಟ್ಟಿನಿಂದಲೇ ಒಂದು ಸೀಳು — ಅನ್ನನಾಳಕ್ಕೆ ಇಳಿಯಬೇಕಾದ ಹಾಲು ಅದರಿಂದ ಶ್ವಾಸನಾಳಕ್ಕೆ ಸೋರುತ್ತಿತ್ತು.

ನನ್ನ ಹೆಸರು ಕೇಳಿದ್ದೇ ನಿಮ್ಮ ಮುಖ ಅರಳಿತು.

"ನೀವು ನಮ್ಮ ಮಾತೋರಾ ಅಣ್ಣಾ?"

ನಾಲ್ಕು ಜನರ ಮುಂದೆ. ನನಗೆ ಮೈಯೆಲ್ಲ ಉರಿಯಿತು. ಅರ್ಧ ತಮಿಳು ಬೆರೆತ ಆ ಕನ್ನಡವೂ ನನ್ನ ಕನ್ನಡವೂ ಒಂದೇ? ಮನೆಯಲ್ಲಿ ನನ್ನ ಅಮ್ಮ ಆಡುತ್ತಿದ್ದುದೂ ಹೆಚ್ಚುಕಡಿಮೆ ಅದೇ — ಆದರೆ ಒಪ್ಪಿಕೊಳ್ಳುವ ಯೋಗ್ಯತೆ ಇರಬೇಕಲ್ಲ... ನಿಮಗೆ ತಮಿಳಿನಲ್ಲೇ ಉತ್ತರ ಕೊಟ್ಟೆ.

ದೊಡ್ಡ ಡಾಕ್ಟರು ಉತ್ತರದ ಕಡೆಯವರು. ತಮಿಳೂ ಬಾರದು, ಕನ್ನಡವೂ ಬಾರದು. ಅವಸರದ ಮನುಷ್ಯರಲ್ಲ. "ಸೀಳು ಚಿಕ್ಕದು. ಹೊಲಿಯಬಹುದು, ಕಾಯಲೂಬಹುದು. ಕೊಡುವುದನ್ನು ಗಟ್ಟಿಯಾಗಿ ಮಾಡಿ ಕುಡಿಸಿದರೂ ಕೆಮ್ಮು ಬರುತ್ತದೆಯೇ ಕೇಳು. ಬರದಿದ್ದರೆ ಕಾಯೋಣ," ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು.

ಕೇಳಿದೆ. ನೀವು ಹೇಳಿದಿರಿ:

"ಗಟ್ಟಿಯಾಗಿ ಕೊಟ್ರೆ ಒಂದು ಕೆಮ್ಮೂ ಇಲ್ಲಣ್ಣಾ. ಪಾವುಗೆ ಗಂಜಿ ಹಾಕ್ತೀವಲ್ಲ, ಆ ಹದ ನಂಗೆ ಕೈಲೇ ಗೊತ್ತು. ರಾಗೀನ ಅದೇ ಹದಕ್ಕೆ ಕಾಸಿ ಕೊಡ್ತೀನಿ. ಕೊಂಜ ನಾಳು, ಒಂದು ನಾಲ್ಕು ದಿನ, ನೋಡೋಣಾ?"

ಮಗ್ಗಕ್ಕೇರಿಸುವ ಹಾಸುನೂಲಿಗೆ ಸವರುವ ಗಂಜಿಯ ಹದ. ವರ್ಷಗಟ್ಟಲೆ ಓದಿದ ನನಗೆ ತಿಳಿಯದ ಅಳತೆ ನಿಮ್ಮ ಬೆರಳ ತುದಿಯಲ್ಲಿತ್ತು. ನನಗೆ ಕಂಡದ್ದು ಉಗುರಿನ ಸಂದಿಯ ಬಣ್ಣ ಮಾತ್ರ. ಇನ್ನೂ ಒಂದಿದೆ — ಇಂಥ ಆಪರೇಷನ್ನನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಕಾಣಬೇಕಿತ್ತು. ಕಂಡು, ಸ್ನೇಹಿತರ ಮುಂದೆ ಕೊಚ್ಚಿಕೊಳ್ಳಬೇಕಿತ್ತು.

"ಏನಂತೆ?" ಎಂದರು ಅವರು.

"ನೂಲಿನ ಗಂಜಿ, ಅದೂ ಇದೂ ಅಂತಾಳೆ ಸರ್. ನಂಬೋ ಹಾಗಿಲ್ಲ."

ಅಷ್ಟೇ. ಮನೆಯ ಆರೈಕೆಯನ್ನು ನಂಬುವಂತಿಲ್ಲ, ಮೂರನೆಯ ನ್ಯುಮೋನಿಯಾಕ್ಕೆ ಮಗು ಉಳಿಯದು ಎಂದು ಅವರು ಹೊಲಿಯಲು ನಿರ್ಧರಿಸಿದರು. ಬೇರೆ ದಾರಿಯೇ ಇಲ್ಲ ಎಂದು ನಿಮಗೆ ನಾನು ಹೇಳಿದೆ. ನೀವು ತಮಿಳಿನಲ್ಲಿ ಸಹಿ ಹಾಕಿದಿರಿ.

ಕೆಲವು ಮಕ್ಕಳಿಗೆ ಆಪರೇಷನ್ನೇ ಜೀವ, ಅದು ನಿಜ. ಸುಗುಣಳಿಗೆ ಬೇಕಿತ್ತೋ ಇಲ್ಲವೋ — ತಿಳಿದುಕೊಳ್ಳಲು ನಾಲ್ಕು ದಿನ ಕೂಡ ನಾನು ಬಿಡಲಿಲ್ಲ. ಸೀಳು ಕೂಡಿಕೊಂಡಿತು. ಉಸಿರಾಟಕ್ಕೆಂದು ಕುತ್ತಿಗೆಗೆ ಹಾಕಿದ ನಳಿಕೆ ಎರಡು ವರ್ಷ ಉಳಿಯಿತು. ದನಿ ಹೋಯಿತು, ಉಳಿದದ್ದು ಒಡಕು ಪಿಸುಮಾತು.

ಆಮೇಲೂ ಪ್ರತಿ ದೀಪಾವಳಿಗೆ ನೀವು ನನಗೊಂದು ಟವಲು ನೇಯ್ದು ತರುತ್ತಿದ್ದಿರಿ. "ನಮ್ಮ ಮಾತೋರು ನೀವಿದ್ರಿ, ಮಗು ಉಳೀತು." ನಾನು ತೆಗೆದುಕೊಳ್ಳುತ್ತಿದ್ದೆ. ಅದರಲ್ಲೇ ಮುಖ ಒರೆಸಿಕೊಳ್ಳುತ್ತಿದ್ದೆ ಕೂಡ — ಅಂಥ ನಾಚಿಕೆಗೆಟ್ಟ ಮುಖ. ಕೊನೆಯ ಸಲ ಬಂದಾಗ, ಸುಗುಣ ಪವರ್‌ಲೂಮ್ ಶೆಡ್ಡಿಗೆ ಸೇರಿದಳು ಎಂದಿರಿ. "ಅಲ್ಲಿ ಸದ್ದಿಗೆ ಯಾರ ಮಾತೂ ಕೇಳಲ್ಲ ಅಣ್ಣಾ. ಅವಳಿಗೆ ಅದೇ ಮೇಲು."

ಈಗ ನೋಡಿ, ಇದನ್ನೂ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ತಮಿಳಾದರೆ ನೀವು ಓದುತ್ತೀರಿ, ಕನ್ನಡವನ್ನು ಓದಲಾರಿರಿ — ಗೊತ್ತಿದ್ದೇ ಬರೆದೆ. ಇಷ್ಟು ವರ್ಷವಾದರೂ ಅದೇ ಹೇಡಿ.

ನಾಳೆ ಸೋಮನೂರಿನ ಬಸ್ಸು ಹತ್ತುತ್ತೇನೆ. ನಿಮ್ಮ ಜಗಲಿಯಲ್ಲಿ ಕೂತು ನಮ್ಮ ಮಾತಿನಲ್ಲೇ ಇದನ್ನು ಹೇಳುತ್ತೇನೆ. ಸುಗುಣ ಎದುರಿಗಿರಲಿ. ಅವಳು ಏನು ಕೇಳುತ್ತಾಳೋ — ಆ ದನಿಯಲ್ಲಿ — ಹತ್ತಿರ ಬಗ್ಗಿ, ಪೂರ್ತಿ ಕೇಳಿಸಿಕೊಳ್ಳುತ್ತೇನೆ.