ನನ್ನ ಓಟ ಬಿಡಿಸಲು ಹೊತ್ತ ಹರಕೆ

ನಾನು ಬೆಳಗ್ಗೆ ಎದ್ದು ಓಡುತ್ತೇನೆ ಎಂಬ ಒಂದೇ ಕಾರಣಕ್ಕೆ ನಮ್ಮ ಮನೆಯವರು ವೇಲಾಂಕಣಿ ಮಾತೆಗೆ ಹರಕೆ ಹೊತ್ತರು. ಕುಡಿತ ಬಿಡಿಸಲು ಹರಕೆ ಹೊತ್ತವರನ್ನು ಕಂಡಿದ್ದೇನೆ. ಇಸ್ಪೀಟು ಬಿಡಿಸಲು ಹೊತ್ತವರನ್ನೂ ಕಂಡಿದ್ದೇನೆ. ಪೂಜೆ ಮಾಡುವ ಸ್ವಾಮಿಯ ಕಾಲು ಸುಮ್ಮನೆ ಒಂದು ಕಡೆ ನಿಲ್ಲಲಿ ಎಂದು ಬೇಡಿಕೊಂಡವರು ಮಾತ್ರ ನಮ್ಮವರೇ ಇರಬೇಕು.

ನಮ್ಮದು ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿಯ ಒಕ್ಕಲು ಮನೆ. ಮುತ್ತಾತನ ಕಾಲದಿಂದ ಕ್ರೈಸ್ತರಾದರೂ ರಾಗಿ ಬಿತ್ತುವುದರಲ್ಲಾಗಲಿ, ಬದುವಿಗಾಗಿ ಜಗಳ ತೆಗೆಯುವುದರಲ್ಲಾಗಲಿ ಪಕ್ಕದ ಹೊಲದ ಗೌಡರಿಗೂ ನಮಗೂ ವ್ಯತ್ಯಾಸವಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಯಜಮಾನಿಕೆ ಅಣ್ಣನ ಕೈಗೆ ಬಂತು. ಅವನು ಪೇಟೆಯಲ್ಲಿ ಎರಡು ಪವರ್‌ಲೂಮು ಹಾಕಿಸಿ, ಇಸ್ತ್ರಿ ಪಂಚೆ ಉಡಲು ಶುರುಮಾಡಿದ. ಮಗ್ಗಗಳು ಅವನಿಗೆ ಸೀರೆ ಕೊಡುತ್ತಿದ್ದವು. ನಾನು ಮರ್ಯಾದೆ ತಂದುಕೊಡಬೇಕಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು ಊರು ಕೇಳಿದರೆ ಸಾಕು, "ನಮ್ಮನೇಲಿ ಒಬ್ರು ಸ್ವಾಮ್ಯೋರಿದಾರೆ" ಎಂದು ಮಾತನ್ನು ಅಲ್ಲಿಗೇ ತರುತ್ತಿದ್ದ.

ನನಗೆ ಗುರುದೀಕ್ಷೆಯಾದ ದಿನ ಅಮ್ಮ ಎಲ್ಲರೆದುರು ಬಗ್ಗಿ ನನ್ನ ಕೈಗೆ ಮುತ್ತಿಟ್ಟಳು. ಅದರ ಹಿಂದಿನ ವಾರವಷ್ಟೇ "ಲೋ, ದನಕ್ಕೆ ನೀರು ತೋರ್ಸೋ" ಎಂದು ಗದರಿದ್ದವಳು ಅಂದಿನಿಂದ "ಬನ್ನಿ ಸ್ವಾಮ್ಯೋರೆ, ಊಟಕ್ಕೇಳಿ ಸ್ವಾಮ್ಯೋರೆ" ಎಂದು ಶುರುಮಾಡಿದಳು. ನಾನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಅಣ್ಣನದು ಬೇರೆ ಲೆಕ್ಕ. ನಾಲ್ಕು ಜನರೆದುರು ಬಹುವಚನ, ಬಾಗಿಲು ಹಾಕಿದ ಮೇಲೆ ಏಕವಚನ.

ಓಟ ನನಗೆ ಗುರುವಾಗಲು ಓದುತ್ತಿದ್ದ ಸೆಮಿನರಿಯಲ್ಲಿ ಅಂಟಿದ್ದು. ಹರೆಯದ ಹುಡುಗರ ಮೈ ಬಿಸಿ ಇಳಿಸಲು ಅಲ್ಲಿನ ಗುರುಗಳು ನಮ್ಮನ್ನು ಮೈದಾನ ಸುತ್ತಿಸುತ್ತಿದ್ದರು. ಉಳಿದವರು ಶಪಿಸುತ್ತ ಓಡುತ್ತಿದ್ದರು, ನನಗೆ ರುಚಿ ಹತ್ತಿತು. ಅಲ್ಲಿದ್ದಷ್ಟು ದಿನ ಅದಕ್ಕೆ ಶಿಸ್ತು ಎಂದು ಹೆಸರು. ದೀಕ್ಷೆಯಾಗಿ ನೆಲಮಂಗಲದಾಚೆಯ ಒಂದು ಹಳ್ಳಿಗೆ ಬಂದ ಮೇಲೆ ಅದೇ ಓಟ ಅಪಚಾರವಾಯಿತು.

ಬೆಳಗಿನ ಪೂಜೆಗೆ ಮುಂಚೆ ಕ್ಯಾನ್‌ವಾಸ್ ಬೂಟು, ಸೆಮಿನರಿಯ ಕಾಲದ ಚಡ್ಡಿ ತೊಟ್ಟು ಕೆರೆ ಏರಿ ಮೇಲೆ ಹಾದು ದಾಬಸ್‌ಪೇಟೆ ರಸ್ತೆವರೆಗೆ ಓಡಿ ಬರುತ್ತಿದ್ದೆ. ಹೊಲಕ್ಕೆ ಹೋಗುತ್ತಿದ್ದ ಗೌಡರ ಮನೆಯವರು "ಏನ್ ಸ್ವಾಮಿ, ಬಸ್ಸು ಹೋಗ್ಬಿಡ್ತಾ?" ಎನ್ನುತ್ತಿದ್ದರು. ದಿನವೂ ಅದೇ ತಮಾಷೆ, ದಿನವೂ ಅದೇ ನಗು. ಅವರಿಗೆ ಅದಕ್ಕಿಂತ ಹೆಚ್ಚಿನ ತಕರಾರಿರಲಿಲ್ಲ. ತಕರಾರು ಇದ್ದದ್ದು ನಮ್ಮ ವಿಶ್ವಾಸಿಗಳಿಗೆ. ಲತೀನ್ ಭಾಷೆಯಲ್ಲಿದ್ದ ಪೂಜೆ ಕನ್ನಡಕ್ಕೆ ಬಂದು ಆಗ ಕೆಲವೇ ವರ್ಷ. ದೇವರು ಕನ್ನಡ ಮಾತಾಡಿದ್ದನ್ನು ಹೇಗೋ ಸಹಿಸಿಕೊಂಡವರಿಗೆ ಸ್ವಾಮಿಯ ಮೊಣಕಾಲು ಕಂಡದ್ದನ್ನು ಸಹಿಸಲಾಗಲಿಲ್ಲ. "ನಮ್ಮ ಹೆಣ್ಮಕ್ಳು ನೀರಿಗೆ ಹೋಗೋ ಹೊತ್ತು" ಎಂದು ಚರ್ಚಿನ ಹಿರಿಯನೊಬ್ಬ ದೂರು ಒಯ್ದ. ಸಾರಾಯಿ ಕುಡಿದು ಅದೇ ಹೆಣ್ಣುಮಕ್ಕಳ ಜಡೆ ಹಿಡಿದೆಳೆಯುತ್ತಿದ್ದ ಗಂಡಸರ ಮೇಲೆ ಈತ ಯಾವತ್ತೂ ದೂರು ಒಯ್ದವನಲ್ಲ.

ನಮ್ಮ ಸುತ್ತಲಿನ ಚರ್ಚುಗಳಿಗೆಲ್ಲ ಮೇಲಿನವರಾಗಿದ್ದ ಹಿರಿಯ ಗುರುಗಳು ನನ್ನನ್ನು ಕರೆಸಿದರು. ಆ ಗುರುಗಳು ಊಟದ ಮೇಜಿನಿಂದ ಮಂಚಕ್ಕೆ ನಡೆಯುವುದನ್ನೇ ವ್ಯಾಯಾಮ ಎಂದುಕೊಂಡಿದ್ದವರು. "ಯೇಸುಸ್ವಾಮಿ ಎಲ್ಲಾದ್ರೂ ಓಡಿದ್ದು ಶುಭಸಂದೇಶದಲ್ಲಿ ಇದ್ಯೇನಪ್ಪಾ?" ಎಂದು ಕೇಳಿದರು.

"ಮಲಗಿದ್ದೂ ಒಂದೇ ಸಲ, ಅದೂ ದೋಣೀಲಿ" ಎಂದೆ.

ಆ ಉತ್ತರದಿಂದ ನನಗೇನೂ ಒಳ್ಳೆಯದಾಗಲಿಲ್ಲ.

ಸುದ್ದಿ ಯಾವುದೋ ಮದುವೆಯಲ್ಲಿ ಅಣ್ಣನ ಕಿವಿಗೆ ಬಿತ್ತು. ಬೀಗರ ಕಡೆಯವರೊಬ್ಬರು "ನಿಮ್ಮ ಸ್ವಾಮ್ಯೋರು ಚಡ್ಡೀಲಿ ಓಡ್ತಾರಂತೆ, ತಲೆ ಸರಿಯಿದ್ಯಾ?" ಎಂದುಬಿಟ್ಟರಂತೆ. ಅಣ್ಣ ಮಾರನೆಯ ದಿನವೇ ಬಸ್ಸು ಹತ್ತಿ ಬಂದ. ನನ್ನ ಕೋಣೆಗೆ ಬಂದು ಮೊದಲು ಬಾಗಿಲು ಹಾಕಿದ.

"ಏನೋ ಇದು? ಯಾರಾದ್ರೂ ಅಟ್ಟಿಸ್ಕೊಂಡ್ ಬರ್ತಿದ್ದಾರೇನೋ ನಿನ್ನ?"

"ಇಲ್ಲ. ಓಡಿದ್ರೆ ಮನಸ್ಸು ಹಗುರಾಗುತ್ತೆ."

"ಮನಸ್ಸು ಹಗುರಾಗ್ಬೇಕು ಅಂದ್ರೆ ಜಪಸರ ಇಲ್ವಾ? ದೇವ್ರು ಕೊಟ್ಟ ಗೌರವಾನ ಕೆರೆ ಏರಿ ಮೇಲೆ ಚೆಲ್ಕೊಂಡು ಬರ್ತೀಯಲ್ಲೋ!"

ನಾನು ಬಿಡುವುದಿಲ್ಲ ಎಂದೆ. ಅವನು ಊರಿಗೆ ಹೋಗಿ ಅಮ್ಮನನ್ನು ಅಳಿಸಿದ. ಅಮ್ಮ ಹರಕೆ ಹೊತ್ತಳು. ಎಲ್ಲರೂ ಕೂಡಿ ವೇಲಾಂಕಣಿಗೆ ಹೋಗುವುದು, ಮಾತೆಯ ಮುಂದೆ ನನ್ನನ್ನು ಮಂಡಿಯೂರಿಸಿ ಚಟ ಬಿಡಿಸುವುದು. ನನಗೆ ಹೇಳಿದ್ದು ಮಾತ್ರ "ಅಮ್ಮನಿಗೆ ವಯಸ್ಸಾಯ್ತು, ಯಾತ್ರೆ ಮಾಡ್ಸೋಣ" ಎಂದು. ನಿಜ ಸಂಗತಿ ಹೊರಟ ದಿನ ವ್ಯಾನಿನಲ್ಲಿ ಅತ್ತಿಗೆಯ ಬಾಯಿಂದ ಜಾರಿತು.

ಬಾಡಿಗೆಯ ಹಳೇ ವ್ಯಾನು. ದೊಡ್ಡಬಳ್ಳಾಪುರದಿಂದ ಬೆಂಗಳೂರು ಹಾದು ನೇರ ಹೊಸೂರು ರಸ್ತೆ ಹಿಡಿಯಬಹುದಿತ್ತು. ಆದರೆ ಅತ್ತಿಗೆಯ ತಂಗಿ ಇದ್ದದ್ದು ದೇವನಹಳ್ಳಿಯಲ್ಲಿ, ಅವಳ ಚಿಕ್ಕಪ್ಪ ಹೊಸಕೋಟೆಯಲ್ಲಿ. ಇಬ್ಬರ ಸಂಸಾರವನ್ನೂ ಹತ್ತಿಸಿಕೊಳ್ಳಬೇಕು. ಹೀಗಾಗಿ ಭಕ್ತಿಯ ವ್ಯಾನು ಮೊದಲು ಊರೂರು ಸುತ್ತಿತು. ದೇವನಹಳ್ಳಿಯಲ್ಲಿ ಜಪಸರ ನಡೆಯುತ್ತಿದ್ದಾಗಲೇ ಕಿಟಕಿ ಪಕ್ಕದ ಸೀಟಿಗಾಗಿ ಜಗಳ. ಹೊಸಕೋಟೆಯಲ್ಲಿ ಯಾರ ಬುತ್ತಿ ಮೊದಲು ಬಿಚ್ಚಬೇಕೆಂದು ಜಗಳ. "ನಮ್ಮ ಪುಳಿಯೋಗರೆ ಹಳಸುತ್ತೆ" ಎಂದು ಒಬ್ಬರು, "ನಮ್ಮ ಚಪಾತಿ ಒಣಗುತ್ತೆ" ಎಂದು ಇನ್ನೊಬ್ಬರು. ನಡುವೆ ಅತ್ತಿಗೆ, "ಸ್ವಾಮ್ಯೋರ ಓಟ ಒಂದು ನಿಂತ್ರೆ ಸಾಕು, ಮಾತೆಗೆ ಬೆಳ್ಳಿ ಕಾಲು ಒಪ್ಪಿಸ್ತೀವಿ" ಎಂದಳು. ವ್ಯಾನಿನಲ್ಲಿದ್ದ ಎಲ್ಲರೂ ನನ್ನ ಕಾಲು ನೋಡಿದರು.

ನಾನು ಇಳಿದು ಹೋಗಬೇಕೆಂದಿದ್ದೆ. ಅಮ್ಮನ ಮುಖ ನೋಡಿ ಕೂತೆ.

ಸಮೇತನಹಳ್ಳಿ ದಾಟಿ ಒಂದು ಮೈಲಿಯಾಗಿರಬೇಕು, ವ್ಯಾನು ಕೆಮ್ಮಿ ನಿಂತಿತು. ಡ್ರೈವರ್ ಬಾನೆಟ್ ಎತ್ತಿ ಏನೇನೋ ಬಡಿದ, ಕೊನೆಗೆ "ತಳ್ಳಿ" ಎಂದ. ಗಂಡಸರೆಲ್ಲ ಇಳಿದೆವು. ಅಣ್ಣ ಪಂಚೆಯ ಚುಂಗು ಹಿಡಿದು ಪಕ್ಕದಲ್ಲಿ ನಿಂತು "ಹಾಂ, ಒಟ್ಟಿಗೆ! ಒಟ್ಟಿಗೆ!" ಎಂದು ಕೂಗುತ್ತಿದ್ದ. ಅವನ ಯಜಮಾನಿಕೆ ಯಾವಾಗಲೂ ಬಾಯಲ್ಲೇ. ಡ್ರೈವರ್ ತಲೆ ಹೊರಗೆ ಹಾಕಿ, "ಯಜಮಾನ್ರೇ, ಬಾಯಿಗೆ ವ್ಯಾನು ಹೋಗಲ್ಲ. ಭುಜ ಕೊಡಿ" ಎಂದ. ಹೆಂಗಸರು ನಕ್ಕರು. ಅಣ್ಣನಿಗೆ ರೋಷ ಬಂತು. ನಮ್ಮನ್ನೆಲ್ಲ ಸರಿಸಿ ಹಿಂದಿನಿಂದ ಹೆಗಲು ಕೊಟ್ಟು ಒಂದೇ ಸಲ ನೂಕಿದ. ವ್ಯಾನು ಎರಡು ಮಾರು ಉರುಳಿ ಮತ್ತೆ ನಿಂತಿತು. ಅಣ್ಣ "ಅಯ್ಯೋ" ಎಂದು ತೊಡೆಸಂದು ಹಿಡಿದು ರಸ್ತೆಯಲ್ಲೇ ಕುಸಿದ.

ಅವನಿಗೆ ಹರ್ನಿಯಾ ಇತ್ತು. ಕರುಳು ಇಳಿದು ಉಬ್ಬುತ್ತಿದ್ದದ್ದನ್ನು ಎರಡು ವರ್ಷದಿಂದ ಬಿಗಿಯಾಗಿ ಬಟ್ಟೆ ಕಟ್ಟಿ ಮುಚ್ಚಿಟ್ಟುಕೊಂಡಿದ್ದ. ಯಜಮಾನನಿಗೆ ಅಂಥ ಜಾಗದಲ್ಲಿ ಕಾಯಿಲೆ ಬರಬಾರದಲ್ಲ! ಈಗ ಅದು ಕಲ್ಲಿನಂತೆ ಗಟ್ಟಿಯಾಗಿತ್ತು. ಮುಖ ಬೂದಿಯಾಗಿ, ಮೈಯೆಲ್ಲ ಬೆವರಿ, ವಾಂತಿ ಶುರುವಾಯಿತು. ಡ್ರೈವರನ ಸೋದರಮಾವ ಹೀಗೇ ಸತ್ತಿದ್ದನಂತೆ. ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿದ. ಬಸ್ಸು ಆಗಲೇ ಹೋಗಿತ್ತು, ಮುಂದಿನದು ಮಧ್ಯಾಹ್ನಕ್ಕೆ. ರಸ್ತೆಯಲ್ಲಿ ಒಂದು ಎತ್ತಿನ ಗಾಡಿಯೂ ಇರಲಿಲ್ಲ. ನೆಂಟರೆಲ್ಲ ರಸ್ತೆ ಬದಿಯ ಹೊಂಗೆ ನೆರಳಲ್ಲಿ ಮಂಡಿಯೂರಿ ಜಪಸರ ತೆಗೆದರು. ನಾನೂ ಮಂಡಿಯೂರಲು ಬಗ್ಗಿದೆ.

ಅಮ್ಮ ನನ್ನ ರಟ್ಟೆ ಹಿಡಿದೆಳೆದಳು. "ಏನೋ ನೋಡ್ತಾ ಕೂತ್ಕೊಂತೀಯ? ಓಡೋ! ಓಡು, ನನ್ನಪ್ಪ!"

ದೀಕ್ಷೆಯಾದ ಮೇಲೆ ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ನಿಲುವಂಗಿ ಕಳಚಿ ಅವಳ ಕೈಗೆ ಕೊಟ್ಟೆ. ಚಪ್ಪಲಿಯನ್ನೂ ಅಲ್ಲೇ ಬಿಟ್ಟೆ. ಬರೀ ಬನಿಯನ್, ಪ್ಯಾಂಟಿನಲ್ಲಿ ಓಡಿದೆ.

ಸಮೇತನಹಳ್ಳಿಯಲ್ಲಿ ವಿಚಾರಿಸಿದೆ. ಊರಿಗಿದ್ದ ಒಂದೇ ಟ್ರಾಕ್ಟರು ಮಾಲೂರಿಗೆ ಹೋಗಿತ್ತು. ಹೊಸಕೋಟೆಗೆ ಹೋದರೆ ಏನಾದರೂ ಸಿಗುತ್ತದೆ ಎಂದರು. ಆರು ಮೈಲಿ. ಬಿಸಿಲು ಏರಿತ್ತು, ಜಲ್ಲಿ ಎದ್ದ ರಸ್ತೆ, ಬರಿಗಾಲು. ಹೊಲದಲ್ಲಿದ್ದವರು ನೆಟ್ಟಗಾಗಿ ನೋಡಿದರು. "ಯಾರ್ ಮನೇದ್ ಕದ್ಕೊಂಡು ಓಡ್ತಿದ್ದೀಯಲಾ?" ಎಂದು ಒಬ್ಬ ಕೂಗಿದ. ಮತ್ತೊಬ್ಬ ನಾಯಿ ಛೂ ಬಿಟ್ಟ.

ದಾರಿಯುದ್ದಕ್ಕೂ ಪ್ರಾರ್ಥಿಸುತ್ತ ಓಡಿದೆ ಎಂದರೆ ಸುಳ್ಳಾಗುತ್ತದೆ. ಒಂದು 'ನಮೋ ಮರಿಯ' ಜಪ ಶುರುಮಾಡಿದೆ, ಉಸಿರಿಗೂ ಅದಕ್ಕೂ ತಾಳ ಕೂಡಲಿಲ್ಲ, ಬಿಟ್ಟೆ. ಆಮೇಲೆ ಅಣ್ಣನನ್ನು ಬೈಯುತ್ತ ಓಡಿದೆ. ಅವನ ಇಸ್ತ್ರಿ ಪಂಚೆಯನ್ನು ಬೈದೆ, ಅವನ ಮರ್ಯಾದೆಯನ್ನು ಬೈದೆ, ಮುಚ್ಚಿಟ್ಟ ಕಾಯಿಲೆಯನ್ನು ಬೈದೆ. ಅರ್ಧ ದಾರಿಯಲ್ಲಿ ಬೈಗುಳ ಮುಗಿದು "ಸಾಯ್ಬೇಡ ಕಣೋ ಬಡ್ಡೀಮಗನೆ, ಸಾಯ್ಬೇಡ" ಎಂಬುದೊಂದೇ ಉಳಿಯಿತು. ಅದಕ್ಕೆ ಮಾತ್ರ ಹೆಜ್ಜೆಯ ತಾಳ ಸರಿಯಾಗಿ ಕೂಡಿತು. ಅದನ್ನು ಪ್ರಾರ್ಥನೆ ಎನ್ನುವವರು ಎನ್ನಲಿ, ನನ್ನ ತಕರಾರಿಲ್ಲ.

ಹೊಸಕೋಟೆ ತಲುಪಿದರೆ ಇನ್ನೊಂದು ಅವಾಂತರ. ನಾನು ಗುರು ಎಂದರೆ ಯಾರೂ ನಂಬರು. ನಿಲುವಂಗಿ ಇಲ್ಲದ ಗುರುವನ್ನು ದೇವರೇ ಗುರುತಿಸುತ್ತಾನೋ ಇಲ್ಲವೋ! ಬಸ್ ನಿಲ್ದಾಣದ ಪಕ್ಕ ಕಾರು ನಿಲ್ಲಿಸಿಕೊಂಡಿದ್ದವನು ನನ್ನ ಕೊಳೆ ಬನಿಯನ್ನು ನೋಡಿ ಗಾಜು ಏರಿಸಿದ. ಅಷ್ಟರಲ್ಲಿ ಇಟ್ಟಿಗೆ ಇಳಿಸಿ ಖಾಲಿ ಲಾರಿ ತಿರುಗಿಸುತ್ತಿದ್ದವನೊಬ್ಬ ಸಿಕ್ಕಿದ. ಅಡ್ಡ ನಿಂತು ಕೈಮುಗಿದು ವಿಷಯ ಹೇಳಿದೆ.

"ಹತ್ತಿ, ಹತ್ತಿ" ಎಂದ. ಸ್ವಲ್ಪ ದೂರ ಹೋದ ಮೇಲೆ, "ಏನ್ ಕೆಲ್ಸ ನಿಮ್ದು?" ಎಂದು ಕೇಳಿದ.

"ಚರ್ಚಲ್ಲಿ ಪೂಜೆ ಮಾಡ್ತೀನಿ."

ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ಹಿಂಗೇನಾ?" ಎಂದ.

ವ್ಯಾನಿನ ಹತ್ತಿರ ಬಂದಾಗ ಜಪಸರ ಇನ್ನೂ ನಡೆಯುತ್ತಿತ್ತು. ಅಣ್ಣನನ್ನು ಚಾಪೆ ಸಮೇತ ಎತ್ತಿ ಇಟ್ಟಿಗೆ ಪುಡಿಯ ಮೇಲೆ ಮಲಗಿಸಿದೆವು. ಅಮ್ಮ, ನಾನು ಅವನ ಪಕ್ಕ ಕೂತೆವು. ವೈಟ್‌ಫೀಲ್ಡ್ ಹಾದು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗುವಷ್ಟರಲ್ಲಿ ಇಟ್ಟಿಗೆ ಧೂಳಿಗೆ ಅವನ ಬಿಳಿ ಪಂಚೆ ಕೆಂಪಗಾಗಿತ್ತು. ಅಮ್ಮ ದಾರಿಯುದ್ದಕ್ಕೂ ಒಂದು ಕೈಯಲ್ಲಿ ಅವನ ತಲೆ, ಇನ್ನೊಂದರಲ್ಲಿ ರಕ್ತ ಸುರಿಯುತ್ತಿದ್ದ ನನ್ನ ಪಾದ ಹಿಡಿದಿದ್ದಳು. ತಕ್ಷಣ ಆಪರೇಷನ್ ಮಾಡಿದರು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಕರುಳು ಕೊಳೆತುಹೋಗುತ್ತಿತ್ತು ಎಂದು ಡಾಕ್ಟರು ನನಗೆ ಹೇಳಿದರು. ಸಂಜೆ ಅಮ್ಮ ಆಸ್ಪತ್ರೆಯ ಪಡಸಾಲೆಯಲ್ಲಿ ಕಾಫಿ ತಂದು, "ತಗೊಳ್ಳಿ ಸ್ವಾಮ್ಯೋರೆ" ಎಂದಳು. 'ನನ್ನಪ್ಪ' ಎಂಬುದು ಅಷ್ಟಕ್ಕೆ ಮುಗಿಯಿತು.

ಅಣ್ಣ ಗುಣವಾಗಿ ಊರಿಗೆ ಬಂದ. ನೋಡಲು ಬಂದವರಿಗೆಲ್ಲ ಕಥೆ ಹೇಳಿದ. ಅದರಲ್ಲಿ ವ್ಯಾನಿತ್ತು, ನೋವಿತ್ತು, ಹರ್ನಿಯಾ ಹೊಟ್ಟೆನೋವಾಗಿತ್ತು. ನನ್ನ ಓಟ ಮಾತ್ರ ಇರಲಿಲ್ಲ. "ಸ್ವಾಮ್ಯೋರು ಮಂಡಿಯೂರಿ ಆಕಾಶ ನೋಡಿದ್ರು. ಕಣ್ಮುಚ್ಚಿ ಬಿಡೋದ್ರೊಳಗೆ ಮಾತೆ ಲಾರಿ ಕಳಿಸ್ಬಿಟ್ಲು! ಎಲ್ಲಿಂದ ಬಂತೋ, ಆ ರಸ್ತೇಲಿ ಲಾರೀನೇ ಓಡಲ್ಲ!" ಅವನಿಗೆ ಆಗ ಪ್ರಜ್ಞೆ ಮಸುಕಾಗಿತ್ತು, ಒಪ್ಪುತ್ತೇನೆ. ಆದರೆ ಮರದ ನೆರಳಲ್ಲಿ ಕೂತಿದ್ದ ನೆಂಟರಿಗೆ ಏನಾಗಿತ್ತು? ಅವರೂ ತಲೆದೂಗಿದರು. ಕೆಲವೇ ತಿಂಗಳಲ್ಲಿ ಲಾರಿಯ ಮುಂದೆ ನೀಲಿ ಬೆಳಕು ಕಂಡವರೂ ಹುಟ್ಟಿಕೊಂಡರು.

ನಾನು ಸುಮ್ಮನಿರಲಿಲ್ಲ. "ಮಾತೆ ಮೇಲೆ ನನಗೂ ವಿಶ್ವಾಸ ಇದೆ. ಆದ್ರೆ ಲಾರಿ ತಂದದ್ದು ನಾನು, ಹೊಸಕೋಟೆವರೆಗೆ ಓಡಿ" ಎಂದು ಎಲ್ಲರೆದುರೇ ಹೇಳಿದೆ. ಅಂಗಾಲಿನ ಗಾಯ ತೋರಿಸಿದೆ. ಅತ್ತಿಗೆಯ ಚಿಕ್ಕಪ್ಪ ಕಣ್ಣೊರೆಸಿಕೊಂಡು, "ನೋಡಿ, ಎಷ್ಟು ವಿನಯ! ಪವಾಡಾನ ತಮ್ಮ ಮೇಲೆ ಹಾಕ್ಕೊಳ್ಳಲ್ಲ, ಕಾಲ ಮೇಲೆ ಹಾಕ್ತಾರೆ" ಎಂದರು. ನಾನು ಹೇಳಿದಷ್ಟೂ ಅವರ ಭಕ್ತಿ ಹೆಚ್ಚಿತು. ನನ್ನ ಚರ್ಚಿದ್ದ ಹಳ್ಳಿಗೂ ಪವಾಡದ ಸುದ್ದಿ ಮುಟ್ಟಿತು. ದೂರು ಒಯ್ದಿದ್ದ ಅದೇ ಹಿರಿಯ ತನ್ನ ಎಮ್ಮೆಗೆ ಕಾಯಿಲೆಯಾದಾಗ ಬಂದು, ಮಂಡಿಯೂರಿ ಆಕಾಶ ನೋಡಬೇಕೆಂದು ಬೇಡಿಕೊಂಡ. ದನದ ಡಾಕ್ಟರನ್ನು ಕರೆತಾ ಎಂದೆ. ಅದೂ ನನ್ನ ವಿನಯದ ಲೆಕ್ಕಕ್ಕೇ ಸೇರಿತು.

ಹಿರಿಯ ಗುರುಗಳಿಗೆ ಮಾತ್ರ ನಿಜ ತಲುಪಿತ್ತು. ಬರಿ ಬನಿಯನ್ನಿನಲ್ಲಿ ಹೊಸಕೋಟೆ ಪೇಟೆಯಲ್ಲಿ ಅಲೆದದ್ದಕ್ಕೆ ವಿವರಣೆ ಕೇಳಿದರು. ಕೊಟ್ಟೆ. ಮರುವರ್ಷ ನನ್ನನ್ನು ದೇವನಹಳ್ಳಿ ಕಡೆಯ, ಇಪ್ಪತ್ತು ಮನೆಯ ಒಂದು ಹಳ್ಳಿಗೆ ವರ್ಗಮಾಡಿದರು. ಅಲ್ಲಿ ನನ್ನ ಮೊಣಕಾಲು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಅಣ್ಣ, ಅತ್ತಿಗೆ ರೈಲಿನಲ್ಲಿ ವೇಲಾಂಕಣಿಗೆ ಹೋಗಿ ಹರಕೆ ತೀರಿಸಿ ಬಂದರು. ನನ್ನ ಓಟ ನಿಂತಿಲ್ಲವಲ್ಲ, ಬೆಳ್ಳಿ ಕಾಲು ಯಾಕೆ ಒಪ್ಪಿಸಿದೆ ಎಂದು ಕೇಳಿದೆ. "ಮಾತೆ ನಿಲ್ಸೋವಾಗ ನಿಲ್ಲಿಸ್ತಾಳೆ. ಮುಂಗಡ ಕೊಟ್ಟಿದ್ದೀನಿ" ಎಂದ.

ಅದೇ ಚಳಿಗಾಲ ಅಮ್ಮ ನನ್ನಲ್ಲಿಗೆ ಬಂದು ಕೆಲವು ದಿನ ಇದ್ದಳು. ಮೊದಲ ಬೆಳಗ್ಗೆ ನಾನು ಸದ್ದಾಗದಂತೆ ಬೂಟಿನ ದಾರ ಕಟ್ಟುತ್ತಿದ್ದೆ. ಅವಳು ಒಲೆ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿದಳು, ಚಡ್ಡಿ ನೋಡಿದಳು, ಮತ್ತೆ ಕಾಯಿಗೆ ಕೈ ಹಾಕಿದಳು.

"ಬಾಗ್ಲು ಎಳ್ಕೊಂಡ್ ಹೋಗಿ ಸ್ವಾಮ್ಯೋರೆ," ಎಂದಳು, "ನಾಯಿ ನುಗ್ಗುತ್ತೆ."