ಕತ್ತರಿ ಬೀಳದ ಹಾಕಿ ಹಾಳೆ

ನಿನ್ನೆ ವೇಲಚೇರಿಯ ಫ್ರೇಮ್ ಅಂಗಡಿಯಲ್ಲಿ ಹಾಳೆಯ ಸುರುಳಿ ಬಿಚ್ಚಿದೆ. ಹಳೆಯ ಮಸಿ, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು.

ನಾನು ಶಾಲೆಗೆ ಹೋಗುತ್ತಿದ್ದಾಗ, ಮುಚ್ಚಿಹೋದ ಒಂದು ಪ್ರೆಸ್ಸಿನ ರದ್ದಿಯಿಂದ ಅಪ್ಪ ಅದನ್ನು ತಂದಿದ್ದರು. ಅವರ ಕಾಲದ ಹಾಕಿ ಆಟಗಾರರ ಚಿತ್ರದ ಕಾರ್ಡುಗಳು; ಬಿಡಿಬಿಡಿಯಾಗಿ ಕತ್ತರಿಸದೆ ಉಳಿದ ಇಡೀ ಹಾಳೆ.

ಅದು ಶಾಲೆ ಶುರುವಾಗುವ ವಾರ. ಅಮ್ಮ ನೆಲದ ಮೇಲೆ ಕೂತು ನಮ್ಮ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದಳು. ಕಂದು ಕಾಗದ ಮುಗಿದಿತ್ತು.

"ಎಷ್ಟು ಗಟ್ಟಿಯಾಗಿದೆ ನೋಡೇ! ಗಣಿತದ ಪುಸ್ತಕಕ್ಕೆ ಸರಿಹೋಗುತ್ತೆ, ಕೊಡಿಲ್ಲಿ" ಎಂದು ಕತ್ತರಿ ಎತ್ತಿಕೊಂಡಳು.

"ಅಕ್ಕಾ, ಗೋಲ್‌ಕೀಪರ್ ಮಾತ್ರ ನಂಗೆ ಕಟ್ ಮಾಡ್ಕೊಡೇ" ಎಂದು ತಮ್ಮ ಗೋಗರೆದ.

ನಾನು ಹಾಳೆ ಸುತ್ತಿ ಎದೆಗವಚಿಕೊಂಡೆ. "ಇದು ಟೀಮು. ಒಬ್ಬನನ್ನೂ ಬಿಟ್ಟುಕೊಡಲ್ಲ."

"ಹಾಗಾದ್ರೆ ಪುಸ್ತಕಕ್ಕೆ ನ್ಯೂಸ್‌ಪೇಪರ್ ಸುತ್ಕೊಂಡು ಹೋಗು. ಮಿಸ್ ಬೈದ್ರೆ ನನ್ ಹತ್ರ ಅಳ್ಬೇಡ!" ಎಂದಳು ಅಮ್ಮ.

ಹಾಗೇ ಹೋದೆ. ತಮಿಳು ಪೇಪರ್ ಸುತ್ತಿದ ಗಣಿತದ ಪುಸ್ತಕ ನೋಡಿ ಮಿಸ್ ಕ್ಲಾಸಿನಿಂದ ಹೊರಗೆ ನಿಲ್ಲಿಸಿದರು. ತಲೆ ಎತ್ತಿಕೊಂಡೇ ನಿಂತೆ. ಅಳಲಿಲ್ಲ.

ನಿನ್ನೆ ಅಂಗಡಿಯವರು ಹಾಳೆ ಅಳೆದು ನೋಡಿದರು. ಫ್ರೇಮಿಗಿಂತ ದೊಡ್ಡದಿತ್ತು. "ಓರಂ ಕೊಂಜಂ ಕಟ್ ಪಣ್ಣಿಡಲಾಮಾ, ಮೇಡಂ?" ಎಂದು, ಅಂಚು ಸ್ವಲ್ಪ ಕತ್ತರಿಸಿಬಿಡಲೇ ಅಂತ ತಮಿಳಿನಲ್ಲಿ ಕೇಳುತ್ತ ಕತ್ತರಿ ಹಿಡಿದರು.

ಕತ್ತರಿ ಕಿತ್ತುಕೊಂಡು ಆಚೆಗಿಟ್ಟೆ. ಫ್ರೇಮನ್ನೇ ದೊಡ್ಡದು ಮಾಡಿ ಎಂದೆ.