ಬೂಜು ಗೌಂಡಿ ಎಂದು ಹೆಸರಿಡಿಸಿದವನು ನಾನು

ಆ ಕಾಗದವನ್ನು ನಾನು ಹಿರಿಯರ ಮುಂದೆ ತೆಗೆಯಲಿಲ್ಲ. ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಎರಡು ಬೆರಳು ಹಾಕಿ ಎಳೆದಿದ್ದರೆ ಹೊರಗೆ ಬರುತ್ತಿತ್ತು. ನನ್ನ ತಮ್ಮ ಪಂಪಾಪತಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ನನ್ನ ಎದುರಿಗೇ ಕೂತಿದ್ದ. ಅದರಲ್ಲಿ ಏನು ಬರೆದಿದೆ ಎಂದು ನನ್ನನ್ನೇ ಕೇಳಿದ. ನಾನು ಸುಳ್ಳು ಹೇಳಿದೆ. ಆ ಕೈ ಮುರಿದವನೂ ನಾನೇ.

ಐದು ವರ್ಷವಾಯಿತು. ನಾನು ಅದಿರು ಲಾರಿ ಓಡಿಸುವವನು, ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇಷ್ಟುದ್ದ ಬರೆದು ನನಗೆ ಅಭ್ಯಾಸವಿಲ್ಲ. ಆದರೆ ಬಾಯಲ್ಲಿ ಹೇಳುವಾಗ ನಡುವೆ ಎಲ್ಲಾದರೂ ನನ್ನನ್ನು ನಾನು ಉಳಿಸಿಕೊಳ್ಳುತ್ತೇನೆ — ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಗಾದಿಗನೂರಿನಲ್ಲಿ, ಲಾರಿಗಳು ಓಡಾಡುವ ರಸ್ತೆಯ ಮಗ್ಗುಲಲ್ಲೇ ಇದೆ. ಕಟ್ಟಿದವನು ತಮ್ಮ ಪಂಪನೇ. ಅವನು ಗೌಂಡಿ, ಗಾರೆ ಕೆಲಸದವನು; ಟಿ.ಬಿ. ಡ್ಯಾಂ, ಕಮಲಾಪುರದ ಕಡೆಯ ಜನ ಅವನ ಹೆಸರು ಹಿಡಿದು ಕೇಳಿಕೊಂಡು ಬರುತ್ತಿದ್ದರು. ಡ್ರೈವರನ ಹೆಸರು ಹಿಡಿದು ಯಾರು ಬರುತ್ತಾರೆ? ಇದನ್ನೂ ಬರೆಯಬೇಕು, ಏಕೆಂದರೆ ಆಮೇಲೆ ನಡೆದದ್ದರಲ್ಲಿ ಇದಕ್ಕೂ ಪಾಲಿದೆ.

ಒಂದೊಂದು ಕೋಣೆಗೂ ತಾರಸಿಯ ಕೆಳಗೆ ಎರಡೆರಡು ಗಾಳಿಕಿಂಡಿ ಬಿಟ್ಟಿದ್ದ. ಗೃಹಪ್ರವೇಶದ ದಿನ ಅವುಗಳತ್ತ ಕೈ ಮಾಡಿ, "ಅಣ್ಣ, ಧೂಳು ಬರ್ತೈತಂತ ಇವನ್ನ ಮುಚ್ಚಬ್ಯಾಡ. ಬೇಕಂದ್ರ ಜಾಳಿಗಿ ಹಾಕ್ಕೊಡ್ತೀನಿ" ಎಂದಿದ್ದ.

ನಾನು ಮುಚ್ಚಿದೆ. ನಮ್ಮ ಕಡೆಯ ಧೂಳು ನೋಡದವರಿಗೆ ಇದು ತಿಳಿಯುವುದಿಲ್ಲ. ಬೆಳಿಗ್ಗೆ ಒರೆಸಿದ ನೆಲ ಮಧ್ಯಾಹ್ನಕ್ಕೆ ಕೆಂಪಾಗುತ್ತದೆ. ಹೊರಗೆ ಒಣಹಾಕಿದ ಬಿಳಿ ಅಂಗಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಓಣಿಯಲ್ಲಿ ಎಲ್ಲರೂ ಕಿಟಕಿಗೆ ಏನಾದರೂ ಬಡಿದೇ ಇರುತ್ತಾರೆ. ನಾನು ಕಿಂಡಿಗಳಿಗೆ ಇಟ್ಟಿಗೆ ಇಟ್ಟು ಸಿಮೆಂಟ್ ಮೆತ್ತಿದೆ, ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಹೊಡೆದೆ. ಒಗೆದ ಬಟ್ಟೆಯನ್ನು ಒಳಗೇ ಹಗ್ಗ ಕಟ್ಟಿ ಒಣಗಿಸತೊಡಗಿದೆವು. ಬೇಸಿಗೆಗೆ ನೀರು ಹಾಕುವ ದೊಡ್ಡ ಕೂಲರ್ ತಂದು ಕೋಣೆಯ ನಡುವೆ ಇಟ್ಟೆ. ಹಗಲೂ ರಾತ್ರಿಯೂ ಓಡುತ್ತಿತ್ತು. ನಮ್ಮ ಮನೆಯಲ್ಲಿ ಒಂದು ಕಣ ಧೂಳಿಲ್ಲ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ.

ಎರಡನೇ ವರ್ಷ ಬೀರುವಿನ ಹಿಂದಿನ ಗೋಡೆಯಲ್ಲಿ ಕರಿ ಚುಕ್ಕೆ ಕಂಡವು. ಮೆಣಸಿನ ಪುಡಿ ಚೆಲ್ಲಿದ ಹಾಗೆ. ಒರೆಸಿದರೆ ಹೋಗುತ್ತಿದ್ದವು, ಹದಿನೈದು ದಿನಕ್ಕೆ ಮತ್ತೆ ಬರುತ್ತಿದ್ದವು. ಆಮೇಲೆ ಅಂಗೈಯಗಲ, ಆಮೇಲೆ ಮೂಲೆಯಿಂದ ಮೂಲೆಗೆ. ಮಡಚಿಟ್ಟ ಕೌದಿಗೂ ಬೂಜಿನ ವಾಸನೆ. ಅದೇ ಗೋಡೆಗೆ ತಲೆಯಿಟ್ಟು ಮಲಗುತ್ತಿದ್ದ ನನ್ನ ಮಗಳು ಶ್ರಾವಣಿಗೆ ಆಗ ಆರು ವರ್ಷ. ಕೆಮ್ಮಲು ಶುರು ಮಾಡಿದಳು. ಕೆಮ್ಮು ಉಬ್ಬಸವಾಯಿತು.

ನಮ್ಮ ಸೋದರಮಾವ ಯರ್ರಿಸ್ವಾಮಿ ಬಂದು ಗೋಡೆಯನ್ನು ಉಗುರಿನಿಂದ ಕೆರೆದು ನೋಡಿದ. "ಅಳಿಯ, ನಿನ್ ತಮ್ಮ ಸಿಮೆಂಟ್ ಬದ್ಲು ಒಲಿ ಬೂದಿ ಕಲಸ್ಯಾನ ನೋಡು. ನಿನ್ ಮನಿಗೆ ಬೂದಿ, ಊರಾಗಿನ ಸಾಹುಕಾರರ ಮನಿಗೆ ಸಿಮೆಂಟ್" ಎಂದು ನಕ್ಕ. ನಾನೂ ನಕ್ಕೆ. ಆದರೆ ಆ ಮಾತು ನನ್ನೊಳಗೆ ಹೋಗಿ ಕೂತಿತು — ಇಲ್ಲ, ಅದಕ್ಕೆ ಜಾಗ ಮೊದಲೇ ಇತ್ತು.

ಹೊಸಪೇಟೆಯ ಡಾಕ್ಟರು, ಔಷಧಿಗಿಂತ ಮೊದಲು ಮನೆಯ ಬೂಜು ಪರೀಕ್ಷೆ ಮಾಡಿಸಿರಿ, ಅದನ್ನೇ ಕೆಲಸವಾಗಿ ಮಾಡುವವರು ಬಳ್ಳಾರಿಯಲ್ಲಿದ್ದಾರೆ ಎಂದು ನಂಬರ್ ಕೊಟ್ಟರು. ನನಗೆ ಒಳಗೊಳಗೇ ಖುಷಿಯಾಯಿತು. ತಮ್ಮನ ಕಳ್ಳತನಕ್ಕೆ ಕಾಗದದ ಸಾಕ್ಷಿ ಸಿಗುತ್ತದೆ ಎಂದುಕೊಂಡೆ. ಮಗಳು ಗುಣವಾಗಲಿ ಎಂಬ ಆಸೆ ಇರಲಿಲ್ಲವೆಂದಲ್ಲ. ಆದರೆ ಫೋನು ಮಾಡುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಪಂಪನ ಮುಖ.

ಬಂದವರು ಶಬಾನಾ ಮೇಡಂ, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಪೆಟ್ಟಿಗೆ ಬಿಚ್ಚಿದರು. ತೇವ ಅಳೆಯುವ ಮೀಟರನ್ನು ಗೋಡೆಗೆ ಹತ್ತಾರು ಕಡೆ ಒತ್ತಿ ಬರೆದುಕೊಂಡರು. ಕರಿ ಚುಕ್ಕೆಯ ಮೇಲೆ ಅಂಟುಪಟ್ಟಿ ಒತ್ತಿ, ಕಿತ್ತು, ಗಾಜಿನ ಚೂರಿಗೆ ಹಚ್ಚಿದರು. ಒಂದು ಸಣ್ಣ ಯಂತ್ರದಿಂದ ಕೋಣೆಯ ಗಾಳಿ ಎಳೆದು ಡಬ್ಬಿಯಲ್ಲಿ ಹಿಡಿದರು; ಅಂಗಳಕ್ಕೆ ಹೋಗಿ ಹೊರಗಿನ ಗಾಳಿಯನ್ನೂ ಹಿಡಿದರು. ಕೂಲರ್ ಎಷ್ಟು ತಾಸು ಓಡುತ್ತದೆ, ಬಟ್ಟೆ ಎಲ್ಲಿ ಒಣಗುತ್ತದೆ, ಯಾವ ಕಿಟಕಿ ತೆಗೆಯುತ್ತೀರಿ ಎಂದೆಲ್ಲ ಕೇಳಿದರು. ಒಂದೂ ತೆಗೆಯುವುದಿಲ್ಲ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಗೌಂಡಿಯ ಮೋಸದ ಮಾತು ಎತ್ತಿದಾಗ ಮೇಡಂ ಪೆನ್ನು ನಿಲ್ಲಿಸಿ, "ಈಗ್ಲೇ ಯಾರ ಮ್ಯಾಲೂ ಹಾಕಬ್ಯಾಡ್ರಿ. ಎಂಟು ದಿನ ತಡ್ಕೊಳ್ರಿ" ಎಂದರು.

ನಾನು ನಾಲ್ಕು ದಿನವೂ ತಡೆಯಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಶ್ರಾವಣಿಗೆ ಉಸಿರು ಹಿಡಿಯಿತು. ತುಟಿ ನೀಲಿಯಾಯಿತು. ಹೊಸಪೇಟೆಯ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಚ್ಚಿದ ಮೇಲೆ ಸ್ವಲ್ಪ ಸುಧಾರಿಸಿದಳು. ಹೆಂಡತಿ ರತ್ನಳನ್ನು ಅವಳ ಹತ್ತಿರ ಬಿಟ್ಟು ನಾನು ಲಾರಿ ಹತ್ತಿದೆ. ಪಂಪ ಟಿ.ಬಿ. ಡ್ಯಾಮಿನ ಹತ್ತಿರ ಒಂದು ಮನೆಯ ಗೋಡೆಗೆ ಸಿಮೆಂಟ್ ಮೆತ್ತಿ ಗಿಲಾವು ಮಾಡುತ್ತಿದ್ದಾನೆಂದು ಗೊತ್ತಿತ್ತು. ಸೀಟಿನ ಹಿಂದಿನಿಂದ ಗಾಲಿ ಬಿಚ್ಚುವ ಪಾನಾ ತೆಗೆದುಕೊಂಡು ಇಳಿದೆ. ಹೆದರಿಸಲಿಕ್ಕೆ ತೆಗೆದುಕೊಂಡೆ ಎಂದು ಐದು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿಸಲಿಕ್ಕೆ ಅಲ್ಲ.

ನನ್ನನ್ನು ನೋಡಿ ಅವನು ಸಾರುವೆಯಿಂದ ಸರಸರನೆ ಇಳಿದು ಬಂದ. ಕೈಯಲ್ಲಿ ಗಾರೆ ಮೆತ್ತುವ ಕರಣಿ ಹಾಗೇ ಇತ್ತು.

"ಕೂಸು ಹೆಂಗೈತಿ ಅಣ್ಣ?"

"ನನ್ ಕೂಸಿನ ಹೊಟ್ಟಿಗೆ ಬೂದಿ ಹಾಕಿ, ಹೆಂಗೈತಿ ಅಂತೀಯೇನಲೇ" ಎಂದು ತಲೆಯ ಮೇಲೆ ಬೀಸಿದೆ. ಅವನು ಬಲಗೈ ಅಡ್ಡ ತಂದ. ಏಟು ಮಣಿಕಟ್ಟಿಗೆ ಬಿತ್ತು. ಒಣಗಿದ ಕಟ್ಟಿಗೆ ಮುರಿದಂಥ ಸದ್ದು — ಪಾನಾ ಹಿಡಿದ ನನ್ನ ಕೈಗೂ ಅದು ತಿಳಿಯಿತು. ಅವನು ಮರಳಿನ ಮೇಲೆ ಕೂತುಬಿಟ್ಟ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನೇ ನೋಡಿದ. ಮೊದಲ ಏಟು ಸಿಟ್ಟಿನದು ಎಂದು ಯಾರಾದರೂ ಅಂದರೆ ಅನ್ನಲಿ. ಎರಡನೆಯದು ಹಾಗಲ್ಲ. ನಾನು ಅವನ ಎಡಗೈಯನ್ನು ಕಾಲಿನಿಂದ ಸರಿಸಿ, ಅದೇ ಮಣಿಕಟ್ಟನ್ನು ನೋಡಿ, ಗುರಿ ಹಿಡಿದು ಹೊಡೆದೆ. ಕರಣಿ ಹಿಡಿಯುವ ಕೈ ಎಂದು ಗೊತ್ತಿದ್ದೇ ಹೊಡೆದೆ. ಆಗ ಅವನು ಕೂಗಿದ. ಸಿಮೆಂಟ್ ಕಲಸುತ್ತಿದ್ದ ಹೆಣ್ಣಾಳುಗಳು ಬುಟ್ಟಿ ಎಸೆದು ಓಡಿ ಬಂದು ನನ್ನ ಕಾಲರ್ ಹಿಡಿದು ಎಳೆದರು. ಒಬ್ಬಳು ನನ್ನ ಮುಖಕ್ಕೆ ಉಗುಳಿದಳು.

ಸಾರುವೆಯಿಂದ ಬಿದ್ದೆ ಎಂದು ಪಂಪ ಆಸ್ಪತ್ರೆಯಲ್ಲಿ ಬರೆಸಿದ. ನನ್ನ ಹೆಸರು ಹೇಳಲಿಲ್ಲ.

ಒಂಬತ್ತನೇ ದಿನ ಮೇಡಂ ಬಂದರು. ಮನೆಯಲ್ಲಿ ನಾನೊಬ್ಬನೇ ಇದ್ದೆ; ರತ್ನ ಮಗಳನ್ನು ಕಮಲಾಪುರದ ತವರಿಗೆ ಕರೆದೊಯ್ದಿದ್ದಳು. ಅಲ್ಲಿ ಮಗು ಕೆಮ್ಮದೆ ನಿದ್ದೆ ಮಾಡುತ್ತಿತ್ತು. ವರದಿ ಇಂಗ್ಲಿಷಿನಲ್ಲಿತ್ತು, ಆದರೆ ಮನೆಯವರಿಗೆಂದು ಮೇಲೆ ಒಂದು ಪುಟ ಕನ್ನಡದಲ್ಲೂ ಬರೆದಿದ್ದರು. ಓದಿ ಹೇಳಿದರು. ಗೋಡೆ ಒಳಗೆ ಒಣಗಿಯೇ ಇದೆ, ಗಿಲಾವು ಗಟ್ಟಿಯಾಗಿದೆ, ಹೊರಗಿನಿಂದ ಎಲ್ಲೂ ನೀರು ಇಳಿದಿಲ್ಲ. ಕೂಲರಿನ ನೀರು, ಹಸಿ ಬಟ್ಟೆಯ ನೀರು ಹೊರಗೆ ಹೋಗಲು ದಾರಿಯಿಲ್ಲದೆ ತಣ್ಣನೆಯ ಗೋಡೆಗೆ ಕೂತಿದೆ, ಅದರಿಂದಲೇ ಬೂಜು. ಕೋಣೆಯ ಗಾಳಿಯಲ್ಲಿ ಅದು ಹೊರಗಿನದಕ್ಕಿಂತ ಬಹಳ ಹೆಚ್ಚು ತುಂಬಿದೆ.

"ಕಟ್ಟಿದವರದು ಏನೂ ತಪ್ಪಿಲ್ರಿ. ಅವ್ರಿಗೇ ಇದನ್ನ ತೋರ್ಸ್ರಿ, ಕಿಂಡಿ ಬಿಚ್ಚಿ ಕೊಡ್ತಾರ."

ಹೂಂ ಎಂದೆ. ಚಹ ಮಾಡಿ ಕೊಟ್ಟೆ. ಅವರನ್ನು ಬಸ್ಸಿಗೂ ಹತ್ತಿಸಿದೆ.

ಮರುದಿನ ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಹಿರಿಯರು ಕೂಡಿದ್ದರು. ಮಾವ ಯರ್ರಿಸ್ವಾಮಿ ನಡುವೆ ಕೂತಿದ್ದ. ಇಬ್ಬರ ಜಗಳ ಮುಗಿಸಬೇಕು, ಯಾರದು ತಪ್ಪೋ ಅವರು ಒಪ್ಪಿಕೊಳ್ಳಬೇಕು ಎಂಬ ಮಾತಾಗಿತ್ತು. ಪಂಪನ ಹೆಂಡತಿ ಲಕ್ಷ್ಮಿ ಅವನ ಹಿಂದೆ ನಿಂತಿದ್ದಳು. ಅವನು ಜಗಳ ಕಾಯಲಿಲ್ಲ. ನನ್ನನ್ನು ನೋಡಿ ಇಷ್ಟೇ ಕೇಳಿದ: "ಮೇಡಂ ರಿಪೋರ್ಟ್ ಕೊಟ್ಟಾರಂತಲ್ಲ ಅಣ್ಣ. ಏನ್ ಐತಿ ಅದ್ರಾಗ? ನನ್ ತಪ್ಪಿದ್ರ ಒಪ್ಕೋತೀನಿ."

ಎಲ್ಲರೂ ನನ್ನತ್ತ ತಿರುಗಿದರು. ಕಾಗದ ತೆಗೆದರೆ, ಏನೂ ಮಾಡದ ತಮ್ಮನ ಕೈ ಮುರಿದವನು ಎಂದಾಗುತ್ತೇನೆ. ಸ್ವಂತ ಮಗಳ ಉಸಿರು ಕಟ್ಟಿಸಿದವನು ಎಂದಾಗುತ್ತೇನೆ. ತೆಗೆಯದಿದ್ದರೆ —

"ರಿಪೋರ್ಟೂ ಅದನ್ನೇ ಹೇಳೈತಿ, ನಿಂದೇ ತಪ್ಪಂತ" ಎಂದೆ.

ತೋರಿಸು ಎಂದು ಯಾರೂ ಕೇಳಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ. ಮಾವ ಎದ್ದು ಕಾಲಿನ ಚಪ್ಪಲಿ ಕಳಚಿ ಪಂಪನ ಕೆನ್ನೆಗೆ ಬಾರಿಸಿದ. ಒಂದಲ್ಲ, ನಾಲ್ಕೋ ಐದೋ. ಪಂಪ ತಡೆಯಲು ಬಲಗೈ ಎತ್ತಲು ಹೋಗಿ, ನೋವಿಗೆ ಮುದುಡಿ, ಕಟ್ಟೆಯಿಂದ ಕೆಳಗೆ ಬಿದ್ದ. ಲಕ್ಷ್ಮಿ ಅಡ್ಡ ಬಂದಳು. ಅವಳ ಬೆನ್ನಿಗೂ ಬಿತ್ತು. ನಾನು ಕೂತಲ್ಲೇ ಕೂತಿದ್ದೆ. ಜೇಬಿನ ಮೇಲೆ ಕೈ ಇಟ್ಟುಕೊಂಡಿದ್ದೆ — ಬಗ್ಗಿದರೆ ಕಾಗದ ಕಾಣಿಸೀತು ಎಂದು.

ಅಲ್ಲಿಗೂ ಸುಮ್ಮನಾಗಲಿಲ್ಲ. ಸುಳ್ಳಿಗೆ ಬಲ ಬೇಕಿತ್ತು. ಬೇರೆ ಊರಿನ ಗೌಂಡಿಯನ್ನು ಕರೆಸಿ ಪಂಪನ ಗಿಲಾವು ಕೆಡವಿಸಿದೆ. ಅದು ಬರಲೊಲ್ಲದು. ಉಳಿಯ ಮೊನೆ ಎರಡು ಸಲ ಮುರಿಯಿತು. ಆ ಗೌಂಡಿ ಬೆವರು ಒರೆಸಿಕೊಂಡು, "ಯಾರ್ರೀ ಇದನ್ನ ಮಾಡಿದ್ದು, ಕಲ್ ಆಗೈತಲ್ರಿ" ಎಂದ. ನಾನೇ ಸುತ್ತಿಗೆ ಇಸಿದುಕೊಂಡು ಹೊಡೆದೆ, ಅಂಗೈ ಬೊಬ್ಬೆ ಒಡೆದು ರಕ್ತ ಬರುವವರೆಗೂ ಹೊಡೆದೆ. ಅದೇ ಗದ್ದಲದಲ್ಲಿ ಕಿಂಡಿಗಳನ್ನೂ ಬಿಚ್ಚಿಸಿದೆ, ಕಿಟಕಿಯ ಪ್ಲಾಸ್ಟಿಕ್ ಹಾಳೆ ಕಿತ್ತು ಕೂಲರನ್ನು ಅದರ ಹೊರಗೆ ಕೂರಿಸಿದೆ. ಬೂಜು ನಿಂತಿತು. ಶ್ರಾವಣಿ ಗುಣವಾದಳು. ಪಂಪನ ಗಿಲಾವು ಕಿತ್ತಿದ್ದಕ್ಕೇ ಕೂಸು ಉಳಿಯಿತು ಎಂದು ಊರು ಮಾತಾಡಿತು. ಅವನಿಗೆ ಬೂಜು ಗೌಂಡಿ ಎಂದು ಹೆಸರಾಯಿತು. ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕರೆದಿದ್ದರೂ ಆ ಕೈ ಪೂರ್ತಿ ಮಡಚುತ್ತಿರಲಿಲ್ಲ. ಗಂಡ ಹೆಂಡತಿ ಅವಳ ತವರು ಕಂಪ್ಲಿಗೆ ಹೋದರು.

ವರದಿಯನ್ನು ಹರಿಯಲಿಲ್ಲ. ಏಕೆ ಎಂದು ನನಗೂ ಗೊತ್ತಿಲ್ಲ. ರತ್ನಳ ಕೈಗೆ ಸಿಗದಂತೆ ಲಾರಿಯ ಕಾಗದಗಳ ಜೊತೆ ಇಟ್ಟುಕೊಂಡು ತಿರುಗಿದೆ.

ಈ ವರ್ಷ ಮಾಲೀಕರು ಭತ್ತದ ಹೊಟ್ಟು ತುಂಬಿಕೊಂಡು ಬರಲು ನನ್ನನ್ನು ಕಂಪ್ಲಿಯ ಒಂದು ರೈಸ್ ಮಿಲ್ಲಿಗೆ ಕಳಿಸಿದರು. ಮಿಲ್ಲಿನ ಅಂಗಳದಲ್ಲಿ ಒಬ್ಬ ಎಡಗೈಯಿಂದ ಭತ್ತ ಹರವುತ್ತಿದ್ದ. ಹಮಾಲನೊಬ್ಬ ಅವನಿಗೆ, "ಏ ಬೂಜು ಗೌಂಡಿ, ಜಲ್ದಿ ಎಳಿ, ಭತ್ತಕ್ಕೂ ಬೂಜು ಹಿಡಿಸ್ತೀಯೇನು" ಎಂದ. ಆ ಹೆಸರು ಕಂಪ್ಲಿಗೂ ಮುಟ್ಟಿತ್ತು. ಉಳಿದವರು ನಕ್ಕರು. ಪಂಪನೂ ನಕ್ಕ. ನಾನು ಕ್ಯಾಬಿನ್ನಿನಿಂದ ಇಳಿಯಲಿಲ್ಲ. ಹೊಟ್ಟು ತುಂಬುವವರೆಗೆ ಮುಖಕ್ಕೆ ಟವೆಲ್ ಹಾಕಿಕೊಂಡು ನಿದ್ದೆ ಬಂದವನಂತೆ ಬಿದ್ದಿದ್ದೆ.

ಆ ವಾರವೇ ರತ್ನಳಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನನಗ್ಯಾಕ ಹೇಳ್ತಿ? ಕಂಪ್ಲಿಗೆ ಹೋಗಿ ಹೇಳು. ಹೇಳದ ಈ ಮನಿಗೆ ಬರಬ್ಯಾಡ" ಎಂದಳು.

ಮತ್ತೆ ಹೋದಾಗ ಮಧ್ಯಾಹ್ನದ ಬಿಸಿಲು. ಪಂಪನ ಮುಂದೆ ನಿಂತು ಕಾಗದ ಚಾಚಿದೆ. ಅವನು ನನಗಿಂತ ಹೆಚ್ಚು ಓದಿದವನು. ನಿಂತಲ್ಲೇ ಕನ್ನಡದ ಪುಟ ಓದಿದ. ಮತ್ತೊಮ್ಮೆ ಮೊದಲಿನಿಂದ ಓದಿದ. ಮಡಚಿ ಅಂಗಿಯೊಳಗೆ ಇಟ್ಟುಕೊಂಡ. ಆಮೇಲೆ ಭತ್ತ ಎಳೆಯುವ ಹಲಗೆಯ ಉದ್ದನೆಯ ಕೋಲನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಭುಜಕ್ಕೆ ಬೀಸಿದ. ನಾನು ಮೊಣಕಾಲೂರಿದೆ. ಎರಡನೇ ಸಲ ಬೀಸುವಾಗ ಬಲಗೈ ಹಿಡಿತ ಬಿಟ್ಟು ಕೋಲು ಜಾರಿ ಭತ್ತದ ಮೇಲೆ ಬಿತ್ತು. ಎತ್ತಿಕೊಂಡ, ಮತ್ತೆ ಜಾರಿತು. ನನ್ನನ್ನು ಹೊಡೆಯಲಿಕ್ಕೂ ಆ ಕೈಯಲ್ಲಿ ಬಲ ಉಳಿದಿರಲಿಲ್ಲ. ಅವನ ಬಾಯಿಂದ ಬಂದ ಸದ್ದನ್ನು ನಾನು ಬರೆಯಲಾರೆ.

ಹಮಾಲರು ಓಡಿ ಬಂದು ಅವನನ್ನು ಹಿಡಿದುಕೊಂಡರು. ಬಿಡ್ರಿ ಅವನನ್ನು ಎಂದೆ. ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ಮೊಣಕಾಲ ಮೇಲೆಯೇ ಹೇಳಿದೆ:

"ಈತ ಬೂಜು ಗೌಂಡಿ ಅಲ್ರಿ. ಈತನ ಗ್ವಾಡಿಯಾಗ ಏನೂ ತಪ್ಪಿದ್ದಿಲ್ಲ. ಕಿಂಡಿ ಮುಚ್ಚಿದಾಂವ ನಾನು. ರಿಪೋರ್ಟ್ ಮುಚ್ಚಿಟ್ಟಾಂವ ನಾನು. ಪಂಪ, ನಿನ್ ಕೈ ಬೇಕಂತ್ಲೇ ಮುರಿದೀನಿ. ನಾಳೆ ಗಾದಿಗನೂರಾಗ, ಅದೇ ಕಟ್ಟಿ ಮ್ಯಾಲೆ, ಮಾವನ ಮುಂದೂ ಇದನ್ನೇ ಹೇಳ್ತೀನಿ. ತಪ್ಪಾತಪ್ಪ. ನಂದು ಭಾಳ ದೊಡ್ಡ ತಪ್ಪಾತು."